ಶಾಜ್ಲಿ ಕಾಕಾನಿಗೆ ಇಳಿದ ಬುಟ್ಟಿ

ಕೈರೋದ ಶುಬ್ರಾದಲ್ಲಿ ಐದಂತಸ್ತಿನ ಹಳೇ ಕಟ್ಟಡವೊಂದನ್ನು ಕಾಯುತ್ತಿದ್ದ ಶಾಜ್ಲಿ ಕಾಕಾನಿಗೆ ಬೆಳಗಾಗುತ್ತಿದ್ದದ್ದೇ ಬುಟ್ಟಿಗಳಿಂದ. ಬಾಲ್ಕನಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳು ಒಂದೊಂದಾಗಿ ಇಳಿಯುತ್ತಿದ್ದವು. ಒಂದಕ್ಕೆ ಬಿಸಿ ರೊಟ್ಟಿ, ಇನ್ನೊಂದಕ್ಕೆ ಬೇಯಿಸಿದ ಕಾಳು, ಮತ್ತೊಂದಕ್ಕೆ ಸೊಪ್ಪು, ಎಲ್ಲವನ್ನೂ ಅಂಗಡಿಯಿಂದ ತಂದು ತುಂಬುವವನು ಅವನೇ. ಬುಟ್ಟಿಗೆ ನೋಟು ಹಾಕಿದ ಹೆಂಗಸರು ಹಗ್ಗವನ್ನು ಕಂಬಿಗೆ ಸುತ್ತಿ ಒಳಗೆ ಹೋಗಿಬಿಡುತ್ತಿದ್ದರೇ ಹೊರತು ನಿಂತು ನೋಡುತ್ತಿರಲಿಲ್ಲ. ದಕ್ಷಿಣದ ಇಸ್ನಾದಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವನು ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಮುದುಕನಾಗಿದ್ದ. ಆ ಹೆಂಗಸರ ನಂಬಿಕೆ ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿರಲಿಲ್ಲ.

ಆ ಕೋಣೆಗೆ ಗುರುವಾರ ಬಂತೆಂದರೆ ಸಾದಾ ಬಟ್ಟೆಯ ಪೊಲೀಸ್ ಅಧಿಕಾರಿಯೊಬ್ಬ ವಕ್ಕರಿಸುತ್ತಿದ್ದ. ಇದು ಎಲ್ಲ ಕಟ್ಟಡಗಳ ಕಾವಲುಗಾರರ ಹಣೆಬರಹ. ಟೀ ಕೊಡಬೇಕು, ಮನೆಮನೆಯ ಸುದ್ದಿಯನ್ನೂ ಕೊಡಬೇಕು. ಇಲ್ಲವೆಂದರೆ ತಾನೇ ಜೈಲಿಗೆ ಹೋಗಬೇಕು. ಶಾಜ್ಲಿ ಟೀಗೆ ಧಾರಾಳವಾಗಿ ಸಕ್ಕರೆ ಹಾಕುತ್ತಿದ್ದ, ಸುದ್ದಿಗೆ ಧಾರಾಳವಾಗಿ ಸುಳ್ಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾವ ವಾರ ಯಾರ ಬಗ್ಗೆ ಏನು ಬೊಗಳೆ ಬಿಟ್ಟೆನೆಂದು ಅವನಿಗೇ ನೆನಪಿರುತ್ತಿರಲಿಲ್ಲ.

ಜನವರಿಯಲ್ಲಿ, ಅಧ್ಯಕ್ಷ ಕೆಳಗಿಳಿಯಲಿ ಎಂದು ಕೂಗುತ್ತ ಊರಿಗೆ ಊರೇ ನಗರದ ನಡುವಿನ ಚೌಕಕ್ಕೆ ನುಗ್ಗಿತು. ಮೂರನೇ ಮಹಡಿಯ ವಕೀಲ ಹಾತಿಮ್ ಅಲ್ಲೇ ಬಿಡಾರ ಹೂಡಿದ್ದ. ಒಂದು ದಿನ ಸ್ನಾನಕ್ಕೆಂದು ಮನೆಗೆ ಬಂದವನನ್ನು ಸಾದಾ ಬಟ್ಟೆಯವರು ಬೆಳ್ಳಂಬೆಳಗ್ಗೆ ಎಳೆದುಕೊಂಡು ಹೋದರು. ಅವನು ಮನೆಗೆ ಬಂದದ್ದು ಯಾರಿಗೆ ಗೊತ್ತಿತ್ತು? ಗುರುವಾರದ ಟೀಯನ್ನು ಎಲ್ಲರೂ ಕಂಡವರೇ. ಬೈದಿದ್ದರಾದರೂ ವಾಸಿಯಿತ್ತು. ಬುಟ್ಟಿಗಳು ಇಳಿಯುವುದೇ ನಿಂತುಹೋಯಿತು. ಮಂಡಿನೋವಿನ ಮುದುಕಿಯರೂ ಮೆಟ್ಟಿಲಿಳಿದು, ಅವನ ಬಾಗಿಲು ದಾಟಿಕೊಂಡು, ತಾವೇ ರೊಟ್ಟಿ ತರತೊಡಗಿದರು. ಪೊಲೀಸರು ಮಾಯವಾಗಿ, ಬೀದಿ ಕಾಯಲು ಗಂಡಸರು ದೊಣ್ಣೆ ಹಿಡಿದು ನಿಂತಾಗ, ಜೀವಮಾನವೆಲ್ಲ ಕಾದವನಿಗೆ, "ನೀನು ಹೋಗಿ ಮಲಕ್ಕೋ ಕಾಕಾ, ನಾವು ನೋಡ್ಕೋತೀವಿ" ಎಂದರು. ಶಾಜ್ಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನಲ್ಲ ಎಂದು ಹೇಳುವುದಾದರೂ ಹೇಗೆ? ಕಳ್ಳನೂ ಅದನ್ನೇ ಹೇಳುತ್ತಾನೆ.

ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಅಧ್ಯಕ್ಷ ಕುರ್ಚಿ ಬಿಟ್ಟನೆಂದು ಟೀವಿಯಲ್ಲಿ ಹೇಳಿದರು. ಶುಬ್ರಾಕ್ಕೆ ಶುಬ್ರಾವೇ ಬೀದಿಗಿಳಿದು ಕುಣಿಯಿತು. ಶಾಜ್ಲಿಯೂ ಕಣ್ಣೀರು ಸುರಿಸಿಕೊಂಡು ಕುಣಿದ, ಆಮೇಲೆ ಒಳಗೆ ಬಂದು ಬಟ್ಟೆ ಗಂಟು ಕಟ್ಟಿದ. ಹಾತಿಮ್ ಜೀವಸಹಿತ ಮನೆ ಸೇರಲಿ, ಅದನ್ನೊಂದು ನೋಡಿ ಇಸ್ನಾದ ರೈಲು ಹತ್ತಿದರಾಯಿತು ಎಂದುಕೊಂಡ.

ಮಾರನೇ ದಿನ ಮಧ್ಯಾಹ್ನ ಹಾತಿಮ್ ಬಂದ. ಕೆನ್ನೆ ಊದಿತ್ತು, ಕಾಲು ಕುಂಟುತ್ತಿತ್ತು, ಆದರೂ ಬಂದ. ತಾಯಿ ಇನಾಯತ್ ಓಡಿ ಬಂದು ತಬ್ಬಿಕೊಂಡಳು. ಮೆಟ್ಟಿಲ ತುಂಬ ಜನ. ಹಾತಿಮ್ ತಾಯಿಯ ಕೈ ಬಿಡಿಸಿಕೊಂಡು ಸೀದಾ ಕಾವಲುಗಾರನ ಬಾಗಿಲಿಗೆ ಹೋದಾಗ ಎಲ್ಲರೂ ಸರಿದು ದಾರಿ ಬಿಟ್ಟರು. ಶಾಜ್ಲಿ ಕೆನ್ನೆಗೆ ಏಟು ಬೀಳುತ್ತದೆಂದೇ ಎದ್ದು ನಿಂತ.

"ಏನ್ ಕಾಕಾ, ನನ್ನನ್ನ ಜಮಾಲೆಕ್ ತಂಡದ ಅಭಿಮಾನಿ ಮಾಡಿಬಿಟ್ಟೆಯಂತೆ?"

ಶಾಜ್ಲಿ ಕಣ್ಣು ಪಿಳಿಪಿಳಿ ಬಿಟ್ಟ. ಹಾತಿಮ್ ಜನರ ಕಡೆ ತಿರುಗಿ ನಡೆದದ್ದನ್ನು ಹೇಳಿದ. ಪೊಲೀಸರಿಗೆ ಅವನ ಹೆಸರು ಕೊಟ್ಟವನು ಅವನ ಕಚೇರಿಯ ಜೊತೆಗಾರನೇ, ಸ್ನಾನಕ್ಕೆ ಹೋಗಿ ಬಾ ಎಂದು ಕಳಿಸಿದವನು. ಕಾವಲುಗಾರನ ಮಾತೋ, ಅದನ್ನು ಹೇಳಿಕೊಂಡು ಅಧಿಕಾರಿಗಳೇ ನಗುತ್ತಿದ್ದರಂತೆ: "ಈ ವಕೀಲ ಜಮಾಲೆಕ್‌ನವನು ಸ್ವಾಮಿ. ಫುಟ್‌ಬಾಲ್‌ನಲ್ಲಿ ಆ ತಂಡ ಸೋತಿದ್ದಕ್ಕೆ ಅಳೋದ್ರಲ್ಲೇ ಇವನ ವಾರ ಕಳೆಯುತ್ತೆ, ಸರ್ಕಾರ ಉರುಳಿಸೋಕೆ ಪುರುಸೊತ್ತೆಲ್ಲಿ?"

ಹಾತಿಮ್ ಜಮಾಲೆಕ್‌ನ ಬದ್ಧವೈರಿಯಾದ ಅಹ್ಲಿ ತಂಡದ ಹುಟ್ಟಾ ಅಭಿಮಾನಿ. ಅವನ ಬಾಲ್ಕನಿಯಲ್ಲಿ ಅಹ್ಲಿಯ ಕೆಂಪು ಬಾವುಟ ಇಡೀ ಬೀದಿಗೆ ಕಾಣುತ್ತಿತ್ತು. ಜಮಾಲೆಕ್ ಸೋತಾಗಲೆಲ್ಲ ಊಟ ಬಿಡುವವನು ಆ ಕಟ್ಟಡದಲ್ಲಿ ಒಬ್ಬನೇ, ಶಾಜ್ಲಿ.

ಮೊದಲು ನಕ್ಕವರು ಯಾರೋ, ಆಮೇಲೆ ಮೆಟ್ಟಿಲೆಲ್ಲ ನಕ್ಕಿತು. "ಬೇರೆ ಏನ್ ಬೇಕಾದ್ರೂ ಹೇಳಬಹುದಿತ್ತಲ್ಲ ಮಾರಾಯ, ಇಂಥಾ ಅವಮಾನನಾ?" ಎಂದು ಹಾತಿಮ್ ಅವನ ಹೆಗಲ ಮೇಲೆ ಭಾರ ಹಾಕಿ ನಿಂತ. ಶಾಜ್ಲಿಗೆ ನಗಲು ಬರಲಿಲ್ಲ. ಗೋಡೆಗೆ ಮುಖ ಮಾಡಿ ಮನದಣಿಯೆ ಅತ್ತ.

ಗಂಟು ಬಿಚ್ಚುತ್ತಿರುವಾಗ ಬಾಗಿಲ ಮುಂದೆ ಏನೋ ತಟ್ಟಿದಂತಾಯಿತು. ಮೂರನೇ ಮಹಡಿಯ ಬುಟ್ಟಿ, ತಳದಲ್ಲೊಂದು ನೋಟು. ಶಾಜ್ಲಿ ಕತ್ತೆತ್ತಿ ನೋಡಿದ. ಇನಾಯತ್ ಹಗ್ಗವನ್ನು ಕಂಬಿಗೆ ಸುತ್ತಿ ಆಗಲೇ ಒಳಗೆ ಹೋಗಿಬಿಟ್ಟಿದ್ದಳು.