ಸೇಡಂ ಕಾಲೇಜಿಗೆ ಒಯ್ದ ಇಪ್ಪತ್ನಾಲ್ಕು ಸ್ವಿಚ್ಚು

ಅದು 2003ನೇ ಇಸವಿ. ಬೇಸಿಗೆ ಆಗಷ್ಟೇ ಶುರುವಾಗಿತ್ತು. ನಾನಾಗ ಶಹಾಬಾದಿನ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ವೈರ್‌ಮನ್ ಆಗಿದ್ದೆ. ಐಟಿಐ ಮುಗಿಸಿ ನಾಲ್ಕು ವರ್ಷವಾಗಿತ್ತು. ಮೋಟಾರು, ಮೀಟರು, ಫ್ಯಾನು, ಯಾವುದನ್ನು ಕೊಟ್ಟರೂ ಬಿಚ್ಚಿ ಜೋಡಿಸಬಲ್ಲೆ ಎಂಬ ಜಂಬವಿತ್ತು. ಅದು ಇಳಿದದ್ದು ಒಂದೇ ದಿನದಲ್ಲಿ.

ಆ ದಿನ ಅಂಗಡಿಯ ಶಟರ್ ಎತ್ತುವ ಹೊತ್ತಿಗೇ ಫೋನು ಬಂತು. ಮಾಲೀಕರಾದ ರಸೂಲ್ ಚಾಚಾ ಮಾತಾಡಿ ರಿಸೀವರ್ ಇಟ್ಟರು.

"ಪ್ರಕಾಶ, ಸೇಡಂ ಕಾಲೇಜಿನ ಮೇಡಂ ಭಾಳ ಪರೇಶಾನ್ ಆಗ್ಯಾರ. ಕಂಪ್ಯೂಟರ್ ಲ್ಯಾಬಿನ ಸ್ವಿಚ್ ಹೋಗ್ಯಾದಂತ. ಇಪ್ಪತ್ನಾಲ್ಕರದು ಬೇಕಂತ. ಇವತ್ತೇ ಪರೀಕ್ಷಾ ಅದ, ಜಲ್ದಿ ಹೋಗು."

"ಇಪ್ಪತ್ನಾಲ್ಕೂ ಒಮ್ಮೆಲೇ ಹೋಗ್ಯಾವೇನ್ರಿ ಚಾಚಾ?"

"ವೋಲ್ಟೇಜ್ ಜಾಸ್ತಿ ಬಂದಿರಬೇಕು. ನನಗೇನು ಗೊತ್ತು? ನೀ ಹೋಗು."

ಆ ಲ್ಯಾಬಿನ ವೈರಿಂಗ್ ಮಾಡಿದ್ದು ನಮ್ಮ ಅಂಗಡಿಯೇ. ಆದರೆ ಮಾಡಿದವನು ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿದ್ದ. ನಾನು ಅಲ್ಲಿಗೆ ಕಾಲಿಟ್ಟವನೂ ಅಲ್ಲ. ಗೋಡೆಗೆ ಹಾಕುವ ಒಳ್ಳೆಯ ಸ್ವಿಚ್ಚುಗಳನ್ನೇ ಆರಿಸಿ, ಇಪ್ಪತ್ನಾಲ್ಕನ್ನೂ ಎಣಿಸಿ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂ ಮುಟ್ಟಿದಾಗ ಹನ್ನೊಂದೂವರೆ.

ಲ್ಯಾಬಿನ ಹೊರಗೆ ಹುಡುಗ ಹುಡುಗಿಯರು ಹಾಲ್ ಟಿಕೆಟ್ ಹಿಡಿದು ನೆಲದ ಮೇಲೆ ಕೂತಿದ್ದರು. ಚಿಂಚೋಳಿ ಕಡೆಯ ಹಳ್ಳಿಗಳಿಂದ ನಸುಕಿನ ಬಸ್ಸಿಗೆ ಬಂದವರೂ ಇದ್ದರು. ಹತ್ತಕ್ಕೆ ಶುರುವಾಗಬೇಕಿದ್ದ ಪ್ರಾಕ್ಟಿಕಲ್ ಪರೀಕ್ಷೆ ನಿಂತೇಬಿಟ್ಟಿತ್ತು. ಗುಲ್ಬರ್ಗಾದಿಂದ ಬಂದ ಪರೀಕ್ಷಕರು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು, ಮಧ್ಯಾಹ್ನ ಒಂದು ಗಂಟೆಯವರೆಗೆ ನೋಡಿ ಪರೀಕ್ಷೆ ರದ್ದು ಮಾಡಿ ಹೋಗುತ್ತೇನೆ ಎಂದಿದ್ದರಂತೆ.

ಲ್ಯಾಬ್ ನೋಡಿಕೊಳ್ಳುತ್ತಿದ್ದ ವೈಜಯಂತಿ ಮೇಡಂ ಬಾಗಿಲಿಗೇ ಬಂದರು. "ತಂದೀರೇನ್ರಿ?"

"ತಂದೀನ್ರಿ ಮೇಡಂ. ಒಂದೂ ಕಡಿಮಿ ಇಲ್ಲ."

ಟೇಬಲ್ ಮೇಲೆ ಪೇಪರ್ ಬಿಚ್ಚಿ ಎಲ್ಲವನ್ನೂ ಸಾಲಾಗಿ ಇಟ್ಟೆ. ಮೇಡಂ ಒಮ್ಮೆ ಅವನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತು ನಗತೊಡಗಿದರು. ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗಿಯರೂ ನಕ್ಕರು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು ಮೂಲೆಯ ಹಲಗೆಯ ಮೇಲಿದ್ದ ಕರಿಯ ಪೆಟ್ಟಿಗೆಯೊಂದನ್ನು ತೋರಿಸಿದರು.

"ನಾವು ಸ್ವಿಚ್ ಅನ್ನೂದು ಇದಕ್ಕರಿ. ಇದರಾಗ ಇಪ್ಪತ್ನಾಲ್ಕು ತೂತು ಅದಾವ, ಅದಕ್ಕ ಪೋರ್ಟ್ ಅಂತಾರ. ಎಲ್ಲಾ ಕಂಪ್ಯೂಟರಿನ ವೈರ್ ಇದಕ್ಕೇ ಬರ್ತಾವ."

ನನ್ನ ಕಿವಿ ಬಿಸಿಯಾಯಿತು. ನೆಲ ಬಿರಿದು ನನ್ನನ್ನು ನುಂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಚೀಲ ಎತ್ತಿಕೊಂಡು ಹೊರಟೆ.

"ಎಲ್ಲಿಗೆ ಹೊಂಟ್ರಿ? ಬಂದವರು ಬಂದೀರಿ, ಜರಾ ನೋಡಿ ಹೋಗ್ರಿ. ನನಗಂತೂ ತಲಿ ಓಡವಲ್ದು" ಎಂದರು ಮೇಡಂ. ಪರೀಕ್ಷೆಗೆ ಬೇಕಾದದ್ದೆಲ್ಲ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿತ್ತು. ಉಳಿದ ಇಪ್ಪತ್ತು ಕಂಪ್ಯೂಟರುಗಳಲ್ಲಿ ಒಂದಕ್ಕೂ ಅದು ಸಿಗುತ್ತಿರಲಿಲ್ಲ. ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿದರೂ ಅಷ್ಟೇ. ಅದಕ್ಕೇ ಅದು ಸುಟ್ಟಿದೆ ಎಂದುಕೊಂಡಿದ್ದರು.

ನಾನು ಹತ್ತಿರ ಹೋಗಿ ನೋಡಿದೆ. ಹಸಿರು ದೀಪಗಳೆಲ್ಲ ಒಟ್ಟಿಗೇ ಪಟಪಟನೆ ಮಿನುಗುತ್ತಿದ್ದವು.

"ಮೇಡಂ, ಸುಟ್ಟಿದ್ದು ಹಿಂಗ ಮಿನುಗತದೇನ್ರಿ?"

ನನಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ವೈರ್ ಗೊತ್ತಿತ್ತು. ಹಳೆಯ ಮನೆಯ ವೈರಿಂಗ್ ಕೈಗೆತ್ತಿಕೊಂಡಾಗ ಮೊದಲು ಎಣಿಸುತ್ತೇವೆ. ಇಲ್ಲೂ ಎಣಿಸಿದೆ. ಕಂಪ್ಯೂಟರ್ ಇಪ್ಪತ್ತು, ಸರ್ವರ್ ಒಂದು. ಒಟ್ಟು ಇಪ್ಪತ್ತೊಂದು. ಆದರೆ ಪೆಟ್ಟಿಗೆಯಲ್ಲಿ ವೈರ್ ಚುಚ್ಚಿದ್ದ ತೂತುಗಳು ಇಪ್ಪತ್ಮೂರು. ಮತ್ತೊಮ್ಮೆ ಎಣಿಸಿದೆ. ಅಷ್ಟೇ ಬಂತು.

"ಇನ್ನೆರಡು ಎಲ್ಲಿಗೆ ಹೋಗ್ಯಾವ್ರಿ ಮೇಡಂ?"

ವೈರುಗಳನ್ನೆಲ್ಲ ಚಂದವಾಗಿ ಕಟ್ಟಿ ಇಟ್ಟಿದ್ದರು. ಕಟ್ಟು ಬಿಚ್ಚಿ ಒಂದೊಂದನ್ನೇ ಬೆರಳಲ್ಲಿ ಸವರುತ್ತ ಹೋದೆ. ಗೋಡೆಯ ಗಡಿಯಾರ ಹನ್ನೆರಡೂವರೆ ದಾಟಿತು. ಒಂದು ನೀಲಿ ವೈರು ಟೇಬಲ್ ಕೆಳಗೆ ಸುತ್ತು ಹಾಕಿ, ಯಾವ ಕಂಪ್ಯೂಟರಿಗೂ ಹೋಗದೆ, ಮರಳಿ ಅದೇ ಪೆಟ್ಟಿಗೆಗೆ ಬಂದಿತ್ತು.

"ಇದರ ಎರಡೂ ತುದಿ ಇಲ್ಲೇ ಅದಾವಲ್ರಿ!"

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. "ಅಯ್ಯ, ಇದು ನಂದೇ ಕೆಲಸರಿ! ಸಾಹೇಬ್ರು ಬರ್ತಾರಂತ ನಿನ್ನೆ ಎಲ್ಲಾ ಚಂದ ಕಾಣಲಿ ಅಂತ ಕಟ್ಟಿದೆ. ಒಂದು ತುದಿ ಜೋತು ಬಿದ್ದಿತ್ತು, ಖಾಲಿ ತೂತಿಗೆ ಹಾಕಿಬಿಟ್ಟೆ. ತಗೀರಿ, ಮೊದಲು ಅದನ್ನ ತಗೀರಿ!"

ತೆಗೆದೆ. ದೀಪಗಳ ಗಡಿಬಿಡಿ ನಿಂತು, ಒಂದೊಂದೇ ತನ್ನ ಪಾಡಿಗೆ ಮಿನುಗತೊಡಗಿತು. ಕೊನೆಯ ಸಾಲಿನ ಕಂಪ್ಯೂಟರಿನ ಮುಂದೆ ಕೂತ ಮೇಡಂ "ಬಂತು!" ಎಂದು ಕೂಗಿದರು.

ಆ ಕೂಗಿಗೆ ಪ್ರಿನ್ಸಿಪಾಲರೂ ಪರೀಕ್ಷಕರೂ ಓಡಿ ಬಂದರು. "ಏನಾಗಿತ್ತು? ವೈರಿಂಗ್ ಸರಿ ಇರಲಿಲ್ಲೇನು?" ಎಂದು ಪ್ರಿನ್ಸಿಪಾಲರು ನನ್ನನ್ನೇ ದುರುಗುಟ್ಟಿ ನೋಡಿದರು. ನಾನು ತಲೆ ತಗ್ಗಿಸಿದೆ. ನಮ್ಮ ಕೆಲಸದಲ್ಲಿ ಏನೇ ಕೆಟ್ಟರೂ ಬೈಗುಳ ವೈರ್‌ಮನ್‌ಗೇ. ಅದು ರೂಢಿಯಾಗಿತ್ತು.

ಮೇಡಂ ಎದ್ದು ನಿಂತರು. "ವೈರಿಂಗ್ ಸರಿನೇ ಅದರಿ ಸರ್. ತಪ್ಪು ನಂದು. ನಿನ್ನೆ ನಾನೇ ಒಂದು ವೈರ್ ತಪ್ಪು ಹಚ್ಚಿದ್ದೆ. ಹುಡುಕಿದವರು ಇವರು" ಎಂದರು. ಅಷ್ಟು ವಿದ್ಯಾರ್ಥಿಗಳ ಮುಂದೆ, ಗುಲ್ಬರ್ಗಾದ ಸಾಹೇಬರ ಮುಂದೆ. ಪರೀಕ್ಷಕರು ನಕ್ಕು, "ಆಯ್ತು, ಮಕ್ಕಳನ್ನ ಒಳಗ ಕರೀರಿ" ಎಂದರು.

ಪರೀಕ್ಷೆ ಮುಗಿದ ಮೇಲೆ ಮೇಡಂ ತಮ್ಮ ಡಬ್ಬಿಯ ಚಪಾತಿ, ಶೇಂಗಾ ಚಟ್ನಿಯಲ್ಲಿ ನನಗೂ ಪಾಲು ಕೊಟ್ಟರು. ನಾನು ಧೈರ್ಯ ಮಾಡಿ, "ಒಂದು ವೈರಿಗೆ ಇಷ್ಟೆಲ್ಲ ಯಾಕಾತ್ರಿ?" ಎಂದು ಕೇಳಿದೆ.

"ಯಾವ ಕಂಪ್ಯೂಟರ್ ಯಾವ ಪೋರ್ಟಿಗೆ ಅದ ಅಂತ ಸ್ವಿಚ್ ನೆನಪಿಡತದರಿ. ಗೊತ್ತಿದ್ರ ಅಲ್ಲಿಗಷ್ಟೇ ಕಳಸತದ. ಗೊತ್ತಿಲ್ಲಂದ್ರ ಕೂಗಿ ಹೇಳಿದಂಗ ಎಲ್ಲಾ ಪೋರ್ಟಿಗೂ ಕಳಸತದ. ಆ ಕೂಗು ನೀಲಿ ವೈರಿನಾಗ ಹೊರಗ ಹೋಗಿ ಒಳಗ ಬಂತು, ಮತ್ತ ಹೋಯ್ತು, ಮತ್ತ ಬಂತು. ಆ ಗದ್ದಲದಾಗ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಇದಕ್ಕ ಲೂಪ್ ಅಂತಾರ."

ಇದಕ್ಕಿಂತ ಜಾಣ ಸ್ವಿಚ್ಚುಗಳೂ ಇವೆ, ಅವಕ್ಕೆ ಮ್ಯಾನೇಜ್ಡ್ ಸ್ವಿಚ್ ಎನ್ನುತ್ತಾರೆ ಎಂದೂ ಹೇಳಿದರು. ಅಂಥದ್ದು ಲೂಪ್ ಆದದ್ದನ್ನು ತಾನೇ ಕಂಡುಹಿಡಿದು ಆ ಪೋರ್ಟನ್ನು ಬಂದ್ ಮಾಡುತ್ತದಂತೆ. ಒಂದೇ ಪೆಟ್ಟಿಗೆಯಲ್ಲಿ ಆಫೀಸಿನ ಕಂಪ್ಯೂಟರುಗಳನ್ನೂ ಲ್ಯಾಬಿನವನ್ನೂ ಬೇರೆಬೇರೆ ಇಡಬಹುದಂತೆ. ಅದಕ್ಕೆ ವಿಎಲ್ಯಾನ್ ಎಂಬ ಹೆಸರು. ಕುರ್ಚಿಯಲ್ಲಿ ಕೂತೇ ಯಾವ ಪೋರ್ಟಿನಲ್ಲಿ ಏನು ನಡೆದಿದೆ ಎಂದು ನೋಡಬಹುದಂತೆ. ನಾನು ಬೀಡಿ ಕಟ್ಟಿನ ಹಾಳೆಯ ಹಿಂದೆ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡೆ.

ಮರುವರ್ಷ ಕಾಲೇಜಿಗೆ ಅಂಥದ್ದೇ ಬಂತು. ಕೂರಿಸಲು ಮೇಡಂ ನನ್ನನ್ನೇ ಕರೆಸಿ, "ಕುಂದ್ರಿ, ನೀವೇ ಟೈಪ್ ಮಾಡ್ರಿ" ಎಂದು ಕೀಬೋರ್ಡ್ ಮುಂದಕ್ಕೆ ತಳ್ಳಿದರು. ಒಂದು ಬೆರಳಲ್ಲಿ ಪೋರ್ಟುಗಳ ಹೆಸರು ಬರೆಯಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ಮುಂದೆ ಇದೇ ನನ್ನ ಕಸುಬಾಯಿತು.

ಕೆಲವು ವರ್ಷಗಳ ನಂತರ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಕಣ್ತಪ್ಪಿ ಏಳರ ಬದಲು ಒಂಬತ್ತನೇ ಪೋರ್ಟ್ ಬಂದ್ ಮಾಡಿಬಿಟ್ಟೆ. ಲಾರಿ ತೂಗುವ ಕಾಟಾದ ಕಂಪ್ಯೂಟರ್ ನಿಂತುಹೋಯಿತು. ಗೇಟಿನವರೆಗೆ ಲಾರಿಗಳ ಸಾಲು. ಮ್ಯಾನೇಜರರ ಫೋನು ಬಂತು. "ಯಾರ್ರಿ ಮಾಡಿದ್ದು?"

ವೈರ್ ಕಡಿದಿದೆ ಎನ್ನಬಹುದಿತ್ತು, ಕರೆಂಟಿನ ಮೇಲೆ ಹಾಕಬಹುದಿತ್ತು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಪ್ರಿನ್ಸಿಪಾಲರ ಎದುರು ಎದ್ದು ನಿಂತ ಮೇಡಂ.

"ನಾನೇ ಮಾಡೀನ್ರಿ ಸರ್, ತಪ್ಪಾಗಿ" ಎಂದೆ.

ಆ ಕಡೆಯಿಂದ ನಗು ಕೇಳಿಸಿತು. "ಇಷ್ಟು ವರ್ಷದಾಗ ಹಿಂಗ ಹೇಳಿದವರು ನೀವೊಬ್ರೇ ನೋಡ್ರಿ. ಮೊದಲು ಚಾಲೂ ಮಾಡ್ರಿ, ಆಮ್ಯಾಲ ಚಹಾಕ್ಕ ಬರ್ರಿ."