ಚರ್ಚಿಗೆ ಹೋಗಿಬಂದವರ ಸ್ನಾನ

"ಇಗರ್ಜಿ ಹೊಕ್ಕು ಬಂದವ ಸ್ನಾನ ಮಾಡದೆ ಒಳಗೆ ಕಾಲಿಡ್ಬೇಡ!" ಎಂದು ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೇಬಿಟ್ಟರು.

ಹಡಗಿನಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು ಆಗಷ್ಟೇ ಮಾಟುಂಗದ ನಮ್ಮ ಚಾಳಿನ ಮನೆಗೆ ಬಂದಿದ್ದರು. ಊಟಕ್ಕೆ ಕೂರುವ ಮೊದಲು ಜಪಾನಿನ ಹಾಕೊದಾತೆ ಬಂದರಿನ ಹಳೆಯ ಆರ್ಥೊಡಾಕ್ಸ್ ಚರ್ಚಿನ ಚಿತ್ರ ತೋರಿಸಿ, "ಇದರೊಳಗೆ ಹೋಗಿದ್ದೆ" ಎಂದು ಹೇಳುವ ಅಗತ್ಯವೇನಿತ್ತೋ! ಆಮೇಲೆ ದಿನಾ ಸ್ನಾನ ಮಾಡಿದ್ದೇನೆ ಎಂದರೆ, ಹಡಗಿನ ಸ್ನಾನ ಲೆಕ್ಕಕ್ಕಿಲ್ಲವಂತೆ. ನಲ್ಲಿ ನಿಂತುಹೋಗಿತ್ತು. ಬಿಸಿ ಅನ್ನ ಬಿಟ್ಟು, ಕೆಳಗಿನ ಟಾಂಕಿಯಿಂದ ಮೂರನೆಯ ಮಾಳಿಗೆಗೆ ನೀರು ಹೊತ್ತವಳು ನಾನು.

ಬಚ್ಚಲಿನಿಂದಲೇ ಯಜಮಾನರ ವರ್ಣನೆ ಮುಂದುವರಿಯಿತು: "ಅಮ್ಮ, ಅಲ್ಲೂ ಚಪ್ಪಲಿ ಹೊರಗೆ ಬಿಟ್ಟೇ ಹೋಗ್ಬೇಕು. ದೀಪ ಹಚ್ತಾರೆ, ಧೂಪ ಹಾಕ್ತಾರೆ, ದೊಡ್ಡ ಗಂಟೆ ಬಾರಿಸ್ತಾರೆ."

ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ಕೈಗೆತ್ತಿಕೊಂಡರು. ಒಂದು ಗಳಿಗೆ ನೋಡಿ, ಮಗನ ಮೇಲೆಯೇ ರೇಗಿದರು.

"ಹಾಗಾದ್ರೆ ಅದು ದೇವಸ್ಥಾನವೇ ಆಯ್ತಲ್ಲ ಮಾರಾಯ! ಪ್ರಸಾದ ಎಲ್ಲಿ?"

ಹಾಗಿದ್ದ ಮೇಲೆ ನಾನು ನೀರು ಹೊತ್ತದ್ದು ಯಾವ ಪುರುಷಾರ್ಥಕ್ಕೆ ಎಂದು ಯಾರೂ ಹೇಳಲಿಲ್ಲ. ಆ ಚಿತ್ರ ಈಗ ನಮ್ಮ ದೇವರ ಗೂಡಿನಲ್ಲಿ ಕೃಷ್ಣನ ಪಕ್ಕ ಕೂತಿದೆ. ಬೆಳಿಗ್ಗೆ ಅದಕ್ಕೂ ಒಂದು ಹೂವಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸ್ನಾನ ಮಾಡದೆ ಅದನ್ನು ಮುಟ್ಟಕೂಡದಂತೆ.