ಗೀರಿದ ಬ್ಲಾಕುಗಳು

ಬೀದಿಯವರೆಲ್ಲ ಅವನನ್ನು ಶಾಯಿಮಾವ ಎನ್ನುತ್ತಿದ್ದರು. ಮುದ್ರಣಾಲಯದಲ್ಲಿ ಆಯುಷ್ಯ ಸವೆಸಿದವನ ಉಗುರಿನ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಬಿಲ್ಲು, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆದರೂ ಅವನಿಗೆ ಹೆಮ್ಮೆಯಿದ್ದದ್ದು ಪ್ರಾಣಿಗಳ ಕಾರ್ಡಿನ ಬಗ್ಗೆ. ಒಂದು ಕಾಲಕ್ಕೆ ಮಕ್ಕಳು ಮಿಠಾಯಿ ಬಿಟ್ಟು ಅದನ್ನು ಕೊಳ್ಳುತ್ತಿದ್ದರು. ನನ್ನ ಆನೆಯ ತೂಕ ಹೆಚ್ಚೋ ನಿನ್ನ ಘೇಂಡಾಮೃಗದ್ದೋ ಎಂದು ಕಾರ್ಡಿನಲ್ಲಿ ಅಚ್ಚಾದ ಅಂಕಿ ನೋಡಿ ಜಗಳವಾಡಿ, ಗೆದ್ದವರು ಸೋತವರ ಕಾರ್ಡು ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಬೇಡಿಕೆ ಕುಸಿದು ಮುದ್ರಣ ನಿಂತಿತು. ಆ ಚಿತ್ರಗಳನ್ನು ಕೊರೆದಿದ್ದ ಸತುವಿನ ಬ್ಲಾಕುಗಳು ಮಾತ್ರ ಎಣ್ಣೆ ಸವರಿಸಿಕೊಂಡು ಕಪಾಟಿನಲ್ಲಿ ಭದ್ರವಾಗಿದ್ದವು.

ಎಷ್ಟೋ ವರ್ಷಗಳ ಮೇಲೆ, ಶಾಲೆಯೆದುರು ಪೆನ್ನು ಪುಸ್ತಕದ ಅಂಗಡಿ ಇಟ್ಟಿದ್ದ ಅವನ ಅಕ್ಕ ದುಂಬಾಲು ಬಿದ್ದಳು.

"ಅಪ್ಪ ಅಮ್ಮ ಆ ಕಾರ್ಡಿನಾಟದ ಬಗ್ಗೆ ಹೇಳಿದ್ದು ಕೇಳ್ಕೊಂಡು ಮಕ್ಕಳು ಬಂದು ಪ್ರಾಣ ತಿಂತಾವೆ ಕಣೋ. ಮತ್ತೆ ಅಚ್ಚು ಹಾಕು."

ಅವನು ಕಾಗದ ತರಿಸುವಷ್ಟರಲ್ಲಿ ಈ ಸುದ್ದಿ ಕಾರ್ಡು ಸಂಗ್ರಹಿಸುವವರ ಕಿವಿಗೆ ಬಿತ್ತು. ಹಳೆಯ ಕಾರ್ಡುಗಳನ್ನು ಪ್ಲಾಸ್ಟಿಕ್ಕಿನೊಳಗೆ ಜೋಪಾನ ಮಾಡುವವರ ಸಂಘವೊಂದಿತ್ತು. ಹಲ್ಲಿನ ಡಾಕ್ಟರು ಅದರ ಅಧ್ಯಕ್ಷರು.

"ನೀವು ಕಲಾವಿದರು," ಎಂದರು ಡಾಕ್ಟರು. "ಹೊಸದು ಬೀದಿಗೆ ಬಂದ್ರೆ ನಮ್ಮ ಹತ್ರ ಇರೋದಕ್ಕೆ ಏನು ಬೆಲೆ ಉಳಿಯುತ್ತೆ, ನೀವೇ ಹೇಳಿ?"

ಅಲ್ಲಿಯತನಕ ಅವನನ್ನು ಯಾರೂ ಕಲಾವಿದ ಎಂದಿರಲಿಲ್ಲ. ಉಬ್ಬಿಹೋದ. ಇನ್ನೆಂದೂ ಅಚ್ಚು ಹಾಕುವುದಿಲ್ಲ ಎಂಬ ಮಾತಿಗೆ ಗುರುತಾಗಿ ಬ್ಲಾಕಿನ ಮೇಲೆ ಅಡ್ಡಗೀರು ಎಳೆಯುವುದು ಆ ಕಸುಬಿನ ಪದ್ಧತಿ. ಸಂಘದ ಸಭೆಯಲ್ಲಿ, ಎಲ್ಲರ ಕಣ್ಣೆದುರು, ಉಕ್ಕಿನ ಮೊಳೆಯಿಂದ ಒಂದೊಂದನ್ನೂ ಗೀರಿದ. ಚಪ್ಪಾಳೆ ಬಿತ್ತು.

"ಮಕ್ಕಳ ಆಟಕ್ಕೆ ದೊಡ್ಡವರು ಬೀಗ ಜಡೀತೀವಿ ಅಂದ್ರು, ನೀನು ಬೀಗದ ಕೈನೂ ಕೊಟ್ಟು ಬಂದ್ಯಾ?" ಎಂದಳು ಅಕ್ಕ.

"ಕಲೆ ಅಂದ್ರೆ ನಿಂಗೆ ಅರ್ಥ ಆಗಲ್ಲ ಬಿಡಕ್ಕ."

"ಆಗಲ್ಲಪ್ಪ. ಊಟಕ್ಕೆ ಮುಂಚೆ ಕೈ ತೊಳ್ಕೊ, ಕಲಾವಿದ."

ಒಂದೆರಡು ವರ್ಷ ಕಳೆದು ಅದೇ ಡಾಕ್ಟರು ಮುದ್ರಣಾಲಯದ ಬಾಗಿಲಲ್ಲಿ ನಿಂತರು. "ಮೊಮ್ಮಗಳು ಆಟ ಹೇಳ್ಕೊಡು ತಾತ ಅಂತಾಳೆ. ಒಂದೇ ಒಂದು ಕಟ್ಟು ಹಾಕ್ಕೊಡ್ತೀರಾ?"

"ನಿಮ್ಮ ಹತ್ರಾನೇ ಇದ್ಯಲ್ಲ."

"ಅದನ್ನ ಮಗು ಕೈಗೆ ಕೊಡೋಕಾಗುತ್ತಾ? ಮೂಲೆ ಮುದುರಿದ್ರೆ ಮುಗೀತು."

ಶಾಯಿಮಾವ ಆನೆಯ ಬ್ಲಾಕಿಗೆ ಶಾಯಿ ಹಚ್ಚಿ ಒಂದು ಪ್ರತಿ ತೆಗೆದ. ನೆತ್ತಿಯಿಂದ ಬಾಲದವರೆಗೆ ಆನೆಯನ್ನು ಬಿಳಿಯ ಗೆರೆ ಸೀಳಿತ್ತು.

"ಸರಿ ಮಾಡೋಕಾಗಲ್ವಾ?"

"ಸತು ಮತ್ತೆ ಬೆಳೆಯಲ್ಲ ಡಾಕ್ಟ್ರೇ. ನಮ್ಮ ವಯಸ್ಸಿನವರ ಹಲ್ಲಿನ ಹಾಗೆ."

ಡಾಕ್ಟರು ನಗಲಿಲ್ಲ. ಬರಿಗೈಯಲ್ಲಿ ಹೋದರು.

ಅವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಯಾರೂ ಅವನ ಕೈ ಹಿಡಿದು ಗೀರಿಸಿರಲಿಲ್ಲ. ಹಳೆಯದು ನಿಮಗಿರಲಿ, ಹೊಸದರ ಬೆನ್ನಿಗೆ ಬೇರೆ ಬಣ್ಣ ಹಾಕಿ ಮಕ್ಕಳಿಗೆ ಕೊಡುತ್ತೇನೆ ಎಂದು ಅವತ್ತೇ ಸಂಘದವರಿಗೆ ಹೇಳಿದ್ದರೆ ಸಾಕಿತ್ತು, ಹಳೆಯದರ ಬೆಲೆಯೂ ಉಳಿಯುತ್ತಿತ್ತು. ದಿನಬೆಳಗಾದರೆ ಬಣ್ಣ ಕಲೆಸುವವನಿಗೆ ಅಷ್ಟು ಹೊಳೆದಿರಲಿಲ್ಲ.

ಸಂಜೆ ಅಕ್ಕನ ಅಂಗಡಿಗೆ ಹೋಗಿ ಅದನ್ನೇ ಹೇಳಿದ. ಅಕ್ಕ ಬಾಗಿಲು ಹಾಕುತ್ತಿದ್ದವಳು ತಿರುಗಿ ನೋಡಿದಳು.

"ಹೌದಲ್ವಾ," ಎಂದಳು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.